ಒಂದೇ ಕಿಂಡಿ, ಹಲವು ಅರ್ಥ: ಲ್ಯಾಪ್‌ಟಾಪಿನ ಪರದೆ ಸಂಪರ್ಕ ಮಾನಕಗಳ ಒಂದು ವಿಮರ್ಶೆ

ಲ್ಯಾಪ್‌ಟಾಪಿಗೆ ಹೊರಗಿನಿಂದ ಒಂದೆರಡು ಮಾನಿಟರುಗಳನ್ನು ಜೋಡಿಸಿಕೊಳ್ಳುವುದು ಈಗ ದೊಡ್ಡ ಕಚೇರಿಗಳಿಗಷ್ಟೇ ಸೀಮಿತವಾದ ಸಂಗತಿಯಲ್ಲ. ಪ್ರಯೋಗಾಲಯದಲ್ಲಿ ಒಂದು ಪರದೆಯ ಮೇಲೆ ಉಪಕರಣದಿಂದ ಬರುತ್ತಿರುವ ದತ್ತಾಂಶ, ಇನ್ನೊಂದರ ಮೇಲೆ ಅದರ ನಕ್ಷೆ; ತರಗತಿಯಲ್ಲಿ ಒಂದರ ಮೇಲೆ ವಿದ್ಯಾರ್ಥಿಗಳು ನೋಡುವ ಪಾಠ, ಇನ್ನೊಂದರ ಮೇಲೆ ಅಧ್ಯಾಪಕರ ಟಿಪ್ಪಣಿ. 2020 ಮತ್ತು 2021ರ ಆನ್‌ಲೈನ್ ತರಗತಿಗಳ ಕಾಲದಲ್ಲಿ ಈ ಅನುಕೂಲದ ರುಚಿ ಕಂಡ ಶಿಕ್ಷಕರು ಹಲವರು. ಆದರೆ ಮಾನಿಟರ್, ಕೇಬಲ್, ಡಾಕ್ ಎಲ್ಲವನ್ನೂ ತಂದು ಜೋಡಿಸಿದಾಗ ಆಗುವುದೇ ಬೇರೆ. ಒಂದು ಪರದೆ ಕಪ್ಪಾಗಿಯೇ ಉಳಿಯುತ್ತದೆ. ಇಲ್ಲವೇ ಎರಡರ ಮೇಲೂ ಒಂದೇ ಚಿತ್ರ ಮೂಡುತ್ತದೆ. ಇಲ್ಲವೇ ಮೌಸ್‌ನ ಬಾಣ ತಡವರಿಸುತ್ತಾ ಸಾಗುತ್ತದೆ. ಪ್ಲಗ್ ಮಾತ್ರ ಕಿಂಡಿಯೊಳಗೆ ಸರಿಯಾಗಿಯೇ ಕೂತಿರುತ್ತದೆ.

ಹಾಗಾದರೆ ತಪ್ಪು ಯಾರದು? ಸಾಮಾನ್ಯವಾಗಿ ದೂರು ಹೋಗುವುದು ಕೇಬಲ್ಲಿನ ಮೇಲೆ, ಅಂಗಡಿಯವರ ಮೇಲೆ. ಕೊನೆಗೆ ‘ನನಗೇ ಕಂಪ್ಯೂಟರ್ ಬರುವುದಿಲ್ಲ’ ಎಂದು ಬಳಸುವವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಈ ತೊಂದರೆಗಳ ಬಹುಭಾಗದ ಮೂಲ ಸಂಪರ್ಕ ಮಾನಕಗಳ ರಚನೆಯಲ್ಲಿಯೇ ಇದೆ ಎಂಬುದು ಈ ಲೇಖನದ ವಾದ. ಮಾನಕವೊಂದರ ಮೊದಲ ಕರ್ತವ್ಯ ಹೊರಗಿನ ಗುರುತಿನಿಂದ ಒಳಗಿನ ಸಾಮರ್ಥ್ಯವನ್ನು ತಿಳಿಸುವುದು. ಆ ಒರೆಗಲ್ಲಿಗೆ ಹಚ್ಚಿದರೆ ಇಂದಿನ ಯುಎಸ್‌ಬಿ-ಸಿ ಕಿಂಡಿ ಎಷ್ಟು ನಿಲ್ಲುತ್ತದೆ? ಇದನ್ನು ತೀರ್ಮಾನಿಸಲು ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಲೆಕ್ಕ ಸುಲಭ; ಹೈಸ್ಕೂಲಿನ ಗುಣಾಕಾರ ಸಾಕು.

ಒಂದು ಪರದೆಗೆ ಎಷ್ಟು ಬಿಟ್?

ಪೂರ್ಣ ಎಚ್‌ಡಿ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚಿತ್ರಬಿಂದುಗಳಿರುತ್ತವೆ. ಅಂದರೆ ಒಟ್ಟು ಸುಮಾರು 20.7 ಲಕ್ಷ ಬಿಂದುಗಳು. ಪ್ರತಿ ಬಿಂದುವಿಗೆ ಕೆಂಪು, ಹಸಿರು, ನೀಲಿ ತಲಾ 8 ಬಿಟ್‌ನಂತೆ 24 ಬಿಟ್ ಬೇಕು. ಸೆಕೆಂಡಿಗೆ 60 ಬಾರಿ ಚಿತ್ರ ಹೊಸದಾಗಬೇಕಾದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್ ಸಾಗಬೇಕು. 4ಕೆ ಪರದೆಯಲ್ಲಿ ಬಿಂದುಗಳು 3840 ಗುಣಿಸು 2160, ಅಂದರೆ ಪೂರ್ಣ ಎಚ್‌ಡಿಯ ನಾಲ್ಕು ಪಟ್ಟು. ಆದ್ದರಿಂದ ಅಗತ್ಯ ಸೆಕೆಂಡಿಗೆ ಸುಮಾರು 11.9 ಗಿಗಾಬಿಟ್.

ವಾಸ್ತವದಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಪ್ರತಿ ಸಾಲಿನ ಕೊನೆಗೂ ಪ್ರತಿ ಚಿತ್ರದ ಕೊನೆಗೂ ಒಂದಷ್ಟು ಬಿಡುವು ಇರುತ್ತದೆ. ಹಳೆಯ ಕ್ಯಾಥೋಡ್ ಕಿರಣ ನಳಿಕೆಯಲ್ಲಿ ಎಲೆಕ್ಟ್ರಾನ್ ದೂಲ ಸಾಲಿನ ತುದಿಯಿಂದ ಮತ್ತೆ ಆರಂಭಕ್ಕೆ ಮರಳಲು ಸಮಯ ಬೇಕಿತ್ತು. ನಳಿಕೆ ಹೋಯಿತು, ಬಿಡುವು ಉಳಿಯಿತು. ಟೆಲಿವಿಷನ್ ಪದ್ಧತಿಯ ಬಿಡುವನ್ನು ಸೇರಿಸಿದರೆ 4ಕೆ ಪರದೆಗೆ ಸೆಕೆಂಡಿಗೆ 14.26 ಗಿಗಾಬಿಟ್, ಗಣಕದ ಮಾನಿಟರುಗಳಲ್ಲಿ ಬಳಸುವ ಮೊಟಕುಗೊಳಿಸಿದ ಬಿಡುವಿನೊಂದಿಗೆ 12.8 ಗಿಗಾಬಿಟ್ ಆಗುತ್ತದೆ. ಈ 12.8 ಎಂಬ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ಇದೆ.

ಕಿಂಡಿಯ ಒಳಗಿನ ನಾಲ್ಕು ಹಾದಿಗಳು

1987ರಲ್ಲಿ ಐಬಿಎಂ ಕಂಪನಿ ತನ್ನ ಪಿಎಸ್/2 ಗಣಕಗಳೊಂದಿಗೆ ತಂದ ವಿಜಿಎ ಸಂಪರ್ಕದಲ್ಲಿ 15 ಸೂಜಿಗಳಿದ್ದವು, ಸಂಜ್ಞೆ ಅನಲಾಗ್. ಅದರ ಕೆಲಸ ಒಂದೇ, ಚಿತ್ರವನ್ನು ಕಳಿಸುವುದು. ಕಿಂಡಿ ಕಂಡರೆ ಕೆಲಸ ತಿಳಿಯುತ್ತಿತ್ತು. 2002ರ ಎಚ್‌ಡಿಎಂಐ, 2006ರ ಡಿಸ್‌ಪ್ಲೇಪೋರ್ಟ್‌ಗಳಿಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. 2014ರಲ್ಲಿ ಪ್ರಕಟವಾದ ಯುಎಸ್‌ಬಿ-ಸಿ ಹಾಗಲ್ಲ. ಅದರ 24 ಸಂಪರ್ಕ ಬಿಂದುಗಳಲ್ಲಿ ವಿದ್ಯುತ್ ಪೂರೈಕೆಗೆ ನಾಲ್ಕು, ಭೂಸಂಪರ್ಕಕ್ಕೆ ನಾಲ್ಕು, ಹಳೆಯ ಯುಎಸ್‌ಬಿ 2.0ಕ್ಕೆ ನಾಲ್ಕು, ಎರಡು ತುದಿಗಳ ನಡುವಿನ ಮಾತುಕತೆಗೆ ಎರಡು, ಪಕ್ಕದ ಸಂದೇಶಗಳಿಗೆ ಎರಡು. ಉಳಿದ ಎಂಟು ನಾಲ್ಕು ಜೋಡಿಗಳಾಗಿ ವೇಗದ ಹಾದಿಗಳಾಗುತ್ತವೆ. ಈ ನಾಲ್ಕು ಹಾದಿಗಳನ್ನು ಯುಎಸ್‌ಬಿ ದತ್ತಾಂಶಕ್ಕೂ ಬಳಸಬಹುದು, ಡಿಸ್‌ಪ್ಲೇಪೋರ್ಟ್ ಚಿತ್ರಕ್ಕೂ ಬಿಟ್ಟುಕೊಡಬಹುದು. ಹೀಗೆ ಬಿಟ್ಟುಕೊಡುವ ವ್ಯವಸ್ಥೆಗೆ ‘ಆಲ್ಟ್ ಮೋಡ್’ ಎಂದು ಹೆಸರು. ಇದು ಐಚ್ಛಿಕ. ತಯಾರಕರು ಬೇಕಾದರೆ ಕೊಡಬಹುದು, ಬೇಡವಾದರೆ ಬಿಡಬಹುದು.

ಈಗ ಲೆಕ್ಕಕ್ಕೆ ಮರಳೋಣ. ಡಿಸ್‌ಪ್ಲೇಪೋರ್ಟ್ 1.2ರಲ್ಲಿ ಪ್ರತಿ ಹಾದಿಯ ವೇಗ ಸೆಕೆಂಡಿಗೆ 5.4 ಗಿಗಾಬಿಟ್. ನಾಲ್ಕು ಹಾದಿ ಸೇರಿ 21.6. ಆದರೆ ಇಲ್ಲಿ ಪ್ರತಿ 8 ಬಿಟ್‌ಗಳನ್ನು 10 ಬಿಟ್‌ಗಳ ಸಂಕೇತವಾಗಿ ಬದಲಿಸಿ ಕಳಿಸಲಾಗುತ್ತದೆ. ಸೊನ್ನೆಗಳೋ ಒಂದುಗಳೋ ಉದ್ದಕ್ಕೆ ಸಾಲಾಗಿ ಬಂದುಬಿಟ್ಟರೆ ಸ್ವೀಕರಿಸುವ ತುದಿಯಲ್ಲಿ ಗಡಿಯಾರದ ತಾಳ ತಪ್ಪುತ್ತದೆ. ಅದನ್ನು ತಡೆಯಲು ಈ ಏರ್ಪಾಡು. ಹೀಗಾಗಿ ನಿಜವಾಗಿ ದಕ್ಕುವುದು 21.6ರ ಐದನೆಯ ನಾಲ್ಕು ಭಾಗ, ಅಂದರೆ 17.28 ಗಿಗಾಬಿಟ್. ಒಂದು 4ಕೆ ಪರದೆಗೆ ಇದು ಧಾರಾಳ.

ಆದರೆ ಡಾಕ್ ಎಂಬ ಪೆಟ್ಟಿಗೆಯನ್ನು ಜೋಡಿಸಿದಾಗ ಏನಾಗುತ್ತದೆ? ಅದರಲ್ಲಿ ಪೆನ್‌ಡ್ರೈವ್‌ಗೂ ಜಾಲ ಸಂಪರ್ಕಕ್ಕೂ ವೇಗದ ಯುಎಸ್‌ಬಿ ಬೇಕು. ಆದ್ದರಿಂದ ಅನೇಕ ಡಾಕ್‌ಗಳು ಎರಡು ಹಾದಿಗಳನ್ನು ಯುಎಸ್‌ಬಿಗೆ ಇಟ್ಟುಕೊಂಡು ಉಳಿದೆರಡನ್ನು ಮಾತ್ರ ಚಿತ್ರಕ್ಕೆ ಕೊಡುತ್ತವೆ. ಆಗ ದಕ್ಕುವುದು 8.64 ಗಿಗಾಬಿಟ್. ಬೇಕಾದದ್ದು 12.8. ಸಾಲದು. ಗಣಕ ಅನಿವಾರ್ಯವಾಗಿ ಸೆಕೆಂಡಿಗೆ 60ರ ಬದಲು 30 ಚಿತ್ರಗಳಿಗೆ ಇಳಿಯುತ್ತದೆ. ಆಗ ಟೆಲಿವಿಷನ್ ಪದ್ಧತಿಯ ಬಿಡುವನ್ನು ಸೇರಿಸಿದರೂ 7.13 ಗಿಗಾಬಿಟ್ ಸಾಕಾಗುತ್ತದೆ. ಮೌಸ್‌ನ ಬಾಣ ತಡವರಿಸುವುದರ ರಹಸ್ಯ ಇಷ್ಟೇ. ಹಾದಿಯೊಂದಕ್ಕೆ 8.1 ಗಿಗಾಬಿಟ್ ವೇಗವುಳ್ಳ, 2014ರ ಡಿಸ್‌ಪ್ಲೇಪೋರ್ಟ್ 1.3 ಅಥವಾ ಅದರ ನಂತರದ ಆವೃತ್ತಿ ಲ್ಯಾಪ್‌ಟಾಪ್ ಮತ್ತು ಡಾಕ್ ಎರಡರಲ್ಲೂ ಇದ್ದರೆ ಅದೇ ಎರಡು ಹಾದಿಗಳಲ್ಲಿ 12.96 ಗಿಗಾಬಿಟ್ ಸಾಗುತ್ತದೆ. 12.8ಕ್ಕೆ ಕೂದಲೆಳೆಯಷ್ಟು ಮೇಲೆ! ಪೆಟ್ಟಿಗೆಯ ಮೇಲೆ ಎರಡೂ ಡಾಕ್‌ಗಳು ‘4ಕೆ ಬೆಂಬಲ’ ಎಂದೇ ಬರೆದುಕೊಳ್ಳುತ್ತವೆ. ಎರಡೂ ಹೇಳುವುದು ನಿಜ. ಒಂದು ಮಾತ್ರ ಅರ್ಧ ನಿಜ.

ಎರಡನೆಯ ಪರದೆಗೆ ಮೂರು ದಾರಿ

ಒಂದೇ ಕಿಂಡಿಯಿಂದ ಎರಡು ಪರದೆಗಳನ್ನು ನಡೆಸಲು ಮೂರು ಮುಖ್ಯ ದಾರಿಗಳಿವೆ.

ಮೊದಲನೆಯದು ಡಿಸ್‌ಪ್ಲೇಪೋರ್ಟ್ 1.2ರೊಂದಿಗೆ ಬಂದ ಎಂಎಸ್‌ಟಿ ಪದ್ಧತಿ. ಒಂದೇ ರೈಲಿನ ಬೋಗಿಗಳನ್ನು ಎರಡು ಊರುಗಳಿಗೆ ಹಂಚಿದಂತೆ, ಒಂದೇ ಪ್ರವಾಹದ ಕಾಲಖಂಡಗಳನ್ನು ಎರಡು ಮಾನಿಟರುಗಳಿಗೆ ಹಂಚಲಾಗುತ್ತದೆ. 17.28 ಗಿಗಾಬಿಟ್ಟಿನಲ್ಲಿ ಒಂದು 4ಕೆ ಪರದೆಯ 12.8 ಮತ್ತು ಒಂದು ಪೂರ್ಣ ಎಚ್‌ಡಿ ಪರದೆಯ 3.3 ಸೇರಿ 16.1 ಹಿಡಿಯುತ್ತದೆ. ಎರಡು 4ಕೆ ಪರದೆಗಳ 25.6 ಹಿಡಿಯುವುದಿಲ್ಲ. 2016ರ ಡಿಸ್‌ಪ್ಲೇಪೋರ್ಟ್ 1.4ರಲ್ಲಿ ಸೇರಿದ ಸಂಕ್ಷೇಪಣ ವಿಧಾನವನ್ನು ಗಣಕವೂ ಮುಂದಿನ ಸಾಧನವೂ ಅರಿತಿದ್ದರೆ ಒಂದು ಪರದೆಯ ಬೇಡಿಕೆಯನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಬಹುದು. ಆದರೆ ಇದೂ ಐಚ್ಛಿಕ. ಇದರ ಜೊತೆಗೆ ಕಾರ್ಯಾಚರಣ ವ್ಯವಸ್ಥೆಯ ಒಪ್ಪಿಗೆಯೂ ಬೇಕು. ವಿಂಡೋಸ್ ಮತ್ತು ಲಿನಕ್ಸ್ ಎಂಎಸ್‌ಟಿಯನ್ನು ಒಪ್ಪುತ್ತವೆ. ಆಪಲ್ ಕಂಪನಿಯ ಮ್ಯಾಕ್‌ಓಎಸ್‌ನಲ್ಲಿ ಅದೇ ಡಾಕ್ ಎರಡೂ ಪರದೆಗಳ ಮೇಲೆ ಒಂದೇ ಚಿತ್ರವನ್ನು ತೋರಿಸುತ್ತದೆ. ಡಾಕ್ ಕೆಟ್ಟಿಲ್ಲ, ಕೇಬಲ್ ಕೆಟ್ಟಿಲ್ಲ, ಮಾನಿಟರೂ ಕೆಟ್ಟಿಲ್ಲ.

ಎರಡನೆಯದು ಥಂಡರ್‌ಬೋಲ್ಟ್. 2015ರ ಮೂರನೆಯ ಆವೃತ್ತಿಯಿಂದ ಇದೂ ಯುಎಸ್‌ಬಿ-ಸಿ ಆಕಾರವನ್ನೇ ಬಳಸುತ್ತದೆ. ವೇಗ ಸೆಕೆಂಡಿಗೆ 40 ಗಿಗಾಬಿಟ್. 2020ರ ನಾಲ್ಕನೆಯ ಆವೃತ್ತಿಯಲ್ಲಿ ವೇಗ ಹೆಚ್ಚಲಿಲ್ಲ. ಆದರೆ ಎರಡು 4ಕೆ ಪರದೆಗಳನ್ನು ಗಣಕ ಬೆಂಬಲಿಸಲೇಬೇಕೆಂಬ ಕಡ್ಡಾಯ ಬಂದಿತು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದಲ್ಲಿ ಆಗಿರುವ ಅತ್ಯಂತ ವಿವೇಕದ ಬದಲಾವಣೆ ಇದು. ಅಂಕಿ ಏರಲಿಲ್ಲ, ಭರವಸೆ ಗಟ್ಟಿಯಾಯಿತು.

ಮೂರನೆಯದು ಡಿಸ್‌ಪ್ಲೇಲಿಂಕ್ ಪದ್ಧತಿ. ಇದರಲ್ಲಿ ಗಣಕದ ಪ್ರೊಸೆಸರ್ ಚಿತ್ರವನ್ನು ಸಂಕ್ಷೇಪಿಸಿ ಸಾಮಾನ್ಯ ಯುಎಸ್‌ಬಿ ದತ್ತಾಂಶದಂತೆ ಕಳಿಸುತ್ತದೆ. ಡಾಕ್‌ನೊಳಗಿನ ಚಿಪ್ ಅದನ್ನು ಬಿಡಿಸಿ ಪರದೆಗೆ ಕೊಡುತ್ತದೆ. ಆಲ್ಟ್ ಮೋಡ್ ಇಲ್ಲದ ಕಿಂಡಿಯಲ್ಲೂ ಇದು ನಡೆಯುತ್ತದೆ. ಬೆಲೆಯಾಗಿ ಪ್ರೊಸೆಸರಿನ ಶ್ರಮ, ಪ್ರತ್ಯೇಕ ಡ್ರೈವರ್ ತಂತ್ರಾಂಶ, ವೇಗದ ಚಲನಚಿತ್ರಗಳಲ್ಲಿ ತುಸು ಹಿಂದುಳಿಯುವಿಕೆ. ನಕ್ಷೆ, ಪಠ್ಯ, ಲೆಕ್ಕದ ಹಾಳೆಗಳಿಗೆ ಇದು ಸಾಕು.

ಈ ಮೂರೂ ದಾರಿಗಳಾಚೆ ಇನ್ನೊಂದು ಮಿತಿ ಇದೆ. ಪ್ರತಿ ಪರದೆಗೂ ಬಿಂದುಗಳ ಸಾಲನ್ನು ಸಿದ್ಧಪಡಿಸುವ ಒಂದೊಂದು ಘಟಕ ಗಣಕದ ಚಿಪ್‌ನಲ್ಲಿರಬೇಕು. ಇಂಟೆಲ್ ಕಂಪನಿಯ 2012ರ ಪ್ರೊಸೆಸರುಗಳ ಒಳಗಿನ ಚಿತ್ರ ವಿಭಾಗವೇ ಮೂರು ಪರದೆಗಳನ್ನು ನಡೆಸಬಲ್ಲದಾಗಿತ್ತು. ಆದರೆ 2020ರ ನವೆಂಬರಿನಲ್ಲಿ ಬಂದ ಆಪಲ್‌ನ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್‌ನಲ್ಲಿ 40 ಗಿಗಾಬಿಟ್ಟಿನ ಕಿಂಡಿ ಎರಡಿದ್ದರೂ ಹೊರ ಪರದೆಗೆ ಅವಕಾಶ ಒಂದಕ್ಕೇ. 2024ರ ಎಂ3 ಆವೃತ್ತಿಯಲ್ಲಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೆ ಎರಡು. 2025ರ ಎಂ4 ಆವೃತ್ತಿಯಲ್ಲಿ ಮುಚ್ಚಳ ತೆರೆದಿದ್ದರೂ ಎರಡು. ನಲ್ಲಿಗಳೆರಡು, ತೊಟ್ಟಿಯೊಂದು ಎಂಬಂಥ ಸ್ಥಿತಿ. ಇದನ್ನು ಕಂಪನಿ ತನ್ನ ವಿವರ ಪಟ್ಟಿಯಲ್ಲಿ ಬರೆದಿತ್ತು ಎಂಬುದು ನಿಜ. ಆದರೆ ಎರಡು ಕಿಂಡಿಗಳನ್ನು ಕಣ್ಣಾರೆ ಕಂಡವರು ಪಟ್ಟಿ ಓದುವುದು ಅಪರೂಪ.

ತಂತಿಯ ಭೌತವಿಜ್ಞಾನ

ಕೇಬಲ್ಲಿನ ವಿಚಾರ ಭೌತವಿಜ್ಞಾನದ ಅಧ್ಯಾಪಕರಿಗೆ ಒಳ್ಳೆಯ ಪಾಠದ ವಸ್ತು. ಸೆಕೆಂಡಿಗೆ 5.4 ಗಿಗಾಬಿಟ್ ವೇಗದಲ್ಲಿ ಒಂದು ಬಿಟ್‌ನ ಅವಧಿ ಸುಮಾರು 185 ಪಿಕೋಸೆಕೆಂಡ್. ತಂತಿಯಲ್ಲಿ ಸಂಜ್ಞೆಯ ವೇಗ ಬೆಳಕಿನ ವೇಗದ ಸುಮಾರು ಮೂರನೆಯ ಎರಡು ಭಾಗ ಎಂದುಕೊಂಡರೆ ಒಂದು ಬಿಟ್ ತಂತಿಯ ಮೇಲೆ ಸುಮಾರು 3.7 ಸೆಂಟಿಮೀಟರ್ ಉದ್ದ ಇರುತ್ತದೆ. ಎರಡು ಮೀಟರ್ ಕೇಬಲ್ಲಿನಲ್ಲಿ ಏಕಕಾಲಕ್ಕೆ ಪ್ರತಿ ಹಾದಿಯಲ್ಲೂ ಐವತ್ತಕ್ಕೂ ಹೆಚ್ಚು ಬಿಟ್‌ಗಳು ಸಾಲುಗಟ್ಟಿ ಓಡುತ್ತಿರುತ್ತವೆ! 40 ಗಿಗಾಬಿಟ್ಟಿನ ಸಂಪರ್ಕದಲ್ಲಿ ಹಾದಿಯೊಂದಕ್ಕೆ 20 ಗಿಗಾಬಿಟ್. ಅಲ್ಲಿ ಬಿಟ್‌ನ ಉದ್ದ ಕೇವಲ ಒಂದು ಸೆಂಟಿಮೀಟರ್.

ಆವೃತ್ತಿ ಹೆಚ್ಚಿದಂತೆ ವಿದ್ಯುತ್ ಪ್ರವಾಹ ತಂತಿಯ ಹೊರಮೈಗೆ ಸೀಮಿತವಾಗುತ್ತಾ ಹೋಗುತ್ತದೆ, ರೋಧ ಹೆಚ್ಚುತ್ತದೆ, ನಿರೋಧಕ ಹೊದಿಕೆಯೂ ಶಕ್ತಿಯನ್ನು ಹೀರುತ್ತದೆ. ಚೂಪಾಗಿ ಹೊರಟ ಸ್ಪಂದನಗಳು ಮೊಂಡಾಗಿ, ಒಂದರೊಳಗೊಂದು ಹರಡಿಕೊಂಡು ತಲುಪುತ್ತವೆ. ಆದ್ದರಿಂದಲೇ 40 ಗಿಗಾಬಿಟ್ ಒಯ್ಯುವ ಸರಳ ತಾಮ್ರದ ಕೇಬಲ್ ಸುಮಾರು 80 ಸೆಂಟಿಮೀಟರಿಗೆ ಸೀಮಿತ. ಇನ್ನೊಂದು ತುದಿಯಲ್ಲಿ, ಮೊಬೈಲ್ ಚಾರ್ಜರಿನೊಂದಿಗೆ ಬರುವ ಅನೇಕ ಯುಎಸ್‌ಬಿ-ಸಿ ಕೇಬಲ್‌ಗಳಲ್ಲಿ ಆ ನಾಲ್ಕು ವೇಗದ ಜೋಡಿಗಳೇ ಇರುವುದಿಲ್ಲ. ಸೆಕೆಂಡಿಗೆ 480 ಮೆಗಾಬಿಟ್ಟಿನ ಹಳೆಯ ತಂತಿ ಮಾತ್ರ. ಎರಡೂ ತುದಿಗಳ ಆಕಾರ ಒಂದೇ. ಅದರ ಮೂಲಕ ಚಿತ್ರ ಬರಲಿಲ್ಲವೆಂದರೆ ಇಲ್ಲದ ತಂತಿಯಲ್ಲಿ ಸಂಜ್ಞೆ ಹರಿಯಲಿಲ್ಲ ಎಂದಷ್ಟೇ ಅರ್ಥ.

ಆಕಾರವೇ ಎಚ್ಚರಿಕೆಯಾಗಬೇಕಲ್ಲವೇ?

ಈಗ ವಿಮರ್ಶೆಯ ಮಾತು. ನಮ್ಮ ಮನೆಯ ಗೋಡೆಯ ಮೇಲಿನ ವಿದ್ಯುತ್ ಸಾಕೆಟ್‌ಗಳನ್ನು ನೋಡಿ. 16 ಆಂಪಿಯರಿನ ದಪ್ಪ ಕಡ್ಡಿಗಳ ಪ್ಲಗ್ 6 ಆಂಪಿಯರಿನ ಸಾಕೆಟ್ಟಿನೊಳಗೆ ಹೋಗುವುದೇ ಇಲ್ಲ. ಓದು ಬಾರದವರಿಗೂ ಇದು ತಿಳಿಯುತ್ತದೆ. ಪ್ರಯೋಗಾಲಯದ ರೋಧಕವನ್ನು ನೋಡಿ. ಅಕ್ಕಿಕಾಳಿನಷ್ಟಿದ್ದರೂ ತನ್ನ ಬೆಲೆಯನ್ನೂ ದೋಷದ ಮಿತಿಯನ್ನೂ ಬಣ್ಣದ ಪಟ್ಟಿಗಳಲ್ಲಿ ಮೈಮೇಲೆ ಧರಿಸಿರುತ್ತದೆ. ಮೊದಲನೆಯದು ಆಕಾರದಿಂದ, ಎರಡನೆಯದು ಗುರುತಿನಿಂದ ಸತ್ಯ ಹೇಳುತ್ತದೆ. ಯುಎಸ್‌ಬಿ-ಸಿ ಆಕಾರವನ್ನು ಒಂದೇ ಮಾಡಿತು. ಅದರ ಬದಲಿಗೆ ಗುರುತನ್ನು ಕಡ್ಡಾಯ ಮಾಡಬೇಕಿತ್ತು. ಮಾಡಲಿಲ್ಲ. ನನ್ನ ಮುಖ್ಯ ಆಕ್ಷೇಪ ಇದು.

ಹೆಸರುಗಳಂತೂ ಗೊಂದಲವನ್ನು ಹೆಚ್ಚಿಸಿದವು. ಸೆಕೆಂಡಿಗೆ 5 ಗಿಗಾಬಿಟ್ಟಿನ ಅದೇ ಸಂಪರ್ಕ 2008ರಲ್ಲಿ ಯುಎಸ್‌ಬಿ 3.0 ಆಗಿತ್ತು, 2013ರಲ್ಲಿ 3.1 ಜೆನ್ 1 ಆಯಿತು, 2019ರಲ್ಲಿ 3.2 ಜೆನ್ 1 ಆಯಿತು. ವೇಗ ಮಾತ್ರ ಒಂದು ಬಿಟ್ಟೂ ಹೆಚ್ಚಲಿಲ್ಲ. ಎಚ್‌ಡಿಎಂಐನದೂ ಇದೇ ಹಾದಿ. 2017ರ 2.1 ಆವೃತ್ತಿಯ ಗರಿಷ್ಠ ವೇಗ 48 ಗಿಗಾಬಿಟ್, 2013ರ 2.0 ಆವೃತ್ತಿಯದು 18. ಆದರೆ ಹೊಸ ಸೌಲಭ್ಯಗಳೆಲ್ಲ ಐಚ್ಛಿಕವೆಂದೂ, 2.0ರ ಸಾಮರ್ಥ್ಯವಷ್ಟೇ ಇರುವ ಸಾಧನವೂ 2.1 ಎನಿಸಿಕೊಳ್ಳಬಹುದೆಂದೂ ಪರವಾನಗಿ ಸಂಸ್ಥೆಯೇ 2021ರಲ್ಲಿ ಸ್ಪಷ್ಟಪಡಿಸಿತು. ಕಿಲೋಗ್ರಾಮ್ ಎಂದರೆ ‘ಒಂದು ಕಿಲೋದವರೆಗೆ ಎಷ್ಟಾದರೂ’ ಎಂದು ಹೇಳಿದಂತಾಯಿತು. ಅಳತೆಯ ವಿಜ್ಞಾನದಲ್ಲಿ ಇಂಥ ಮಾತಿಗೆ ಸ್ಥಾನವಿಲ್ಲ.

ಎರಡನೆಯ ಆಕ್ಷೇಪ ಯಂತ್ರದ ಮೌನಕ್ಕೆ ಸಂಬಂಧಿಸಿದ್ದು. ಮಾನಿಟರನ್ನು ಜೋಡಿಸಿದ ಕೂಡಲೇ ಅದು ತನ್ನ ಸಾಮರ್ಥ್ಯದ ವಿವರಗಳನ್ನು ಗಣಕಕ್ಕೆ ತಿಳಿಸುತ್ತದೆ. ನಂತರ ಗಣಕ ಪ್ರತಿ ಹಾದಿಯಲ್ಲೂ ಪರೀಕ್ಷಾ ಸಂಜ್ಞೆಗಳನ್ನು ಕಳಿಸಿ, ಎಷ್ಟು ಹಾದಿ ಲಭ್ಯ, ಯಾವ ವೇಗ ತಡೆದುಕೊಳ್ಳುತ್ತದೆ ಎಂದು ಪರೀಕ್ಷಿಸಿ ನೋಡುತ್ತದೆ. ಅಂದರೆ ಚಿತ್ರ ಯಾಕೆ 30ಕ್ಕೆ ಇಳಿಯಿತು ಎಂಬುದು ಗಣಕಕ್ಕೆ ಗೊತ್ತು. ನಮಗೆ ಹೇಳುವುದಿಲ್ಲ. ವಿಂಡೋಸ್‌ನಲ್ಲಿ ಕೆಲವೊಮ್ಮೆ ‘ಪರದೆಯ ಸಂಪರ್ಕ ಸೀಮಿತವಾಗಿರಬಹುದು’ ಎಂಬ ಸೂಚನೆ ಮೂಡುತ್ತದೆ, ಕಾರಣ ಇರುವುದಿಲ್ಲ. ‘ಎರಡು ಹಾದಿ, 8.64 ಗಿಗಾಬಿಟ್ ಲಭ್ಯ, ಬೇಕಾದದ್ದು 12.8’ ಎಂಬ ಒಂದು ಸಾಲು ತೋರಿಸಲು ಹೊಸ ಸಂಶೋಧನೆಯೇನೂ ಬೇಕಿಲ್ಲ.

ಈ ಮೌನದಿಂದ ಆಗುವ ಹಾನಿ ಹಣದ್ದು ಮಾತ್ರವಲ್ಲ. ಕಾರಣ ತಿಳಿಯದ ವಿದ್ಯಾರ್ಥಿ ಕೇಬಲ್ ತಿರುಗಿಸಿ ನೋಡುತ್ತಾನೆ, ಬೇರೆ ಕಿಂಡಿಗೆ ಹಾಕುತ್ತಾನೆ, ಗಣಕವನ್ನು ಆರಿಸಿ ಹೊತ್ತಿಸುತ್ತಾನೆ. ಹೇಗೋ ಸರಿಹೋದರೆ ಅದೇ ಮಂತ್ರವಾಗುತ್ತದೆ. ಪ್ರತಿ ಪರಿಣಾಮಕ್ಕೂ ಕಾರಣವಿದೆ, ಅದನ್ನು ಅಳೆಯಬಹುದು ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ದಿನವೂ ಕೈಯಲ್ಲಿರುವ ಯಂತ್ರ ಅವನಿಗೆ ಇದರ ವಿರುದ್ಧ ಪಾಠವನ್ನು ಕಲಿಸುತ್ತದೆ. ವಿಜ್ಞಾನ ಶಿಕ್ಷಕರು ಇದನ್ನು ಸಣ್ಣ ವಿಷಯವೆಂದು ಬಿಡಬಾರದು.

ಎದುರು ವಾದವನ್ನೂ ಕೇಳೋಣ

ಮಾನಕ ರೂಪಿಸಿದವರ ಪರವಾಗಿಯೂ ಹೇಳಬೇಕಾದ ಮಾತುಗಳಿವೆ. ಎಲ್ಲ ಸೌಲಭ್ಯಗಳನ್ನೂ ಕಡ್ಡಾಯ ಮಾಡಿದ್ದರೆ ಅಗ್ಗದ ಫೋನೊಂದು 40 ಗಿಗಾಬಿಟ್ಟಿನ ಮಂಡಲದ ಖರ್ಚನ್ನು ಹೊರಬೇಕಾಗುತ್ತಿತ್ತು. ಒಂದೇ ಆಕಾರದಿಂದ ಚಾರ್ಜರುಗಳ ರಾಶಿ ಕಡಿಮೆಯಾಗುತ್ತದೆ. ಯುರೋಪಿಯನ್ ಒಕ್ಕೂಟ ಇದೇ ಕಾರಣಕ್ಕೆ 2024ರ ಡಿಸೆಂಬರ್ 28ರಿಂದ ಫೋನ್ ಮೊದಲಾದವಕ್ಕೆ ಯುಎಸ್‌ಬಿ-ಸಿಯನ್ನು ಕಡ್ಡಾಯಗೊಳಿಸಿತು. ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ನ್ನು ನಿಗದಿಪಡಿಸಿತು. ನಮ್ಮ ಭಾರತೀಯ ಮಾನಕ ಬ್ಯೂರೋ ಕೂಡ 2023ರ ಜನವರಿಯಲ್ಲಿ ಯುಎಸ್‌ಬಿ-ಸಿಗೆ ಭಾರತೀಯ ಮಾನಕವನ್ನು ಪ್ರಕಟಿಸಿತು. ಇನ್ನೂ ಒಂದು ಗುಣವಿದೆ: ತಪ್ಪು ಜೋಡಿಸಿದರೆ ಏನೂ ಸುಡುವುದಿಲ್ಲ. ಎರಡೂ ತುದಿಗಳು ಮೊದಲು ಮಾತುಕತೆ ನಡೆಸಿ, ಒಪ್ಪಿಗೆಯಾದ ಮೇಲೆಯೇ ಹೆಚ್ಚಿನ ವೋಲ್ಟೇಜ್ ಹರಿಯುತ್ತದೆ.

ಇವೆಲ್ಲವೂ ಸರಿ. 2022ರಲ್ಲಿ ಯುಎಸ್‌ಬಿ ಸಂಸ್ಥೆ ಪೆಟ್ಟಿಗೆ ಮತ್ತು ಕೇಬಲ್‌ಗಳ ಮೇಲೆ ಗಿಗಾಬಿಟ್ ಹಾಗೂ ವ್ಯಾಟ್‌ಗಳನ್ನು ಅಂಕಿಗಳಲ್ಲೇ ನಮೂದಿಸುವ ಗುರುತುಗಳನ್ನು ತಂದದ್ದೂ ಸ್ವಾಗತಾರ್ಹ. ಆದರೆ ಆ ಗುರುತುಗಳಲ್ಲಿ ದತ್ತಾಂಶವಿದೆ, ವಿದ್ಯುತ್ ಇದೆ, ಚಿತ್ರವಿಲ್ಲ. ಅಗ್ಗದ ಸಾಧನಕ್ಕೆ ಕಡಿಮೆ ಸಾಮರ್ಥ್ಯ ಇರಲಿ, ಯಾರ ಅಭ್ಯಂತರವೂ ಇಲ್ಲ. ಕಡಿಮೆ ಇದೆ ಎಂದು ಅದರ ಮೈಮೇಲೆ ಬರೆದಿರಲಿ. ರೋಧಕಗಳಲ್ಲಿ ಅಗ್ಗದವೂ ಇವೆ; ಅವು ತಮ್ಮ ದೋಷದ ಮಿತಿಯನ್ನು ಮುಚ್ಚಿಡುವುದಿಲ್ಲ.

ಶಿಕ್ಷಕರು ಮಾಡಬಹುದಾದದ್ದು

ಮಾನಕಗಳು ತಿದ್ದಿಕೊಳ್ಳುವವರೆಗೆ ಕಾಯಬೇಕಿಲ್ಲ. ಕಾಲೇಜಿನ ಖರೀದಿ ಪತ್ರದಲ್ಲಿ ‘ಯುಎಸ್‌ಬಿ-ಸಿ ಕಿಂಡಿ ಇರಬೇಕು’ ಎಂದಷ್ಟೇ ಬರೆದರೆ, ಚಿತ್ರವನ್ನು ಕಳಿಸಲಾಗದ ಲ್ಯಾಪ್‌ಟಾಪೂ ಆ ಷರತ್ತನ್ನು ಪೂರೈಸುತ್ತದೆ. ಆಮೇಲೆ ದೂರಲು ಕಾನೂನಿನ ಆಧಾರವೂ ಇರುವುದಿಲ್ಲ. ಮತ್ತೊಮ್ಮೆ ಅನುದಾನ ಬರುವುದು ಎಷ್ಟೋ ವರ್ಷಗಳ ನಂತರ. ಆದ್ದರಿಂದ ಹೆಸರನ್ನು ಬಿಟ್ಟು ಕೆಲಸವನ್ನು ಬರೆಯಬೇಕು: ‘ಲ್ಯಾಪ್‌ಟಾಪಿನ ಪರದೆ ತೆರೆದಿರುವಾಗ, ಒಂದೇ ಕೇಬಲ್ಲಿನ ಮೂಲಕ, ಇಷ್ಟು ಬಿಂದುಗಳ ಎರಡು ಹೊರ ಪರದೆಗಳು ಸೆಕೆಂಡಿಗೆ 60 ಚಿತ್ರಗಳಂತೆ, ಬೇರೆ ಬೇರೆ ಚಿತ್ರಗಳನ್ನು ತೋರಿಸಬೇಕು, ಡಾಕ್ ಮತ್ತು ಕೇಬಲ್ ಸಹಿತ ಸ್ಥಳದಲ್ಲೇ ತೋರಿಸಿಕೊಡಬೇಕು.’

ಬಿಡಿಯಾಗಿ ಕೊಳ್ಳುವವರು ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಚಿಪ್ ಎಷ್ಟು ಪರದೆಗಳನ್ನು ನಡೆಸುತ್ತದೆ? ಕಿಂಡಿಯಲ್ಲಿ ಚಿತ್ರ ಬರುತ್ತದೆಯೇ, ಬಂದರೆ ಯಾವ ಆವೃತ್ತಿ? ಡಾಕ್ ಮೂರು ದಾರಿಗಳಲ್ಲಿ ಯಾವುದನ್ನು ಬಳಸುತ್ತದೆ, ಅದು ನನ್ನ ಕಾರ್ಯಾಚರಣ ವ್ಯವಸ್ಥೆಗೆ ಒಪ್ಪುತ್ತದೆಯೇ? ಕೇಬಲ್ ಎಷ್ಟು ಗಿಗಾಬಿಟ್ಟಿನದು, ಎಷ್ಟು ಉದ್ದ? ಎರಡು ಪೂರ್ಣ ಎಚ್‌ಡಿ ಪರದೆಗಳು ಸಾಕೆನ್ನುವವರ ಅಗತ್ಯ ಬಿಡುವೂ ಸೇರಿ ಸೆಕೆಂಡಿಗೆ ಸುಮಾರು 6.6 ಗಿಗಾಬಿಟ್ ಮಾತ್ರ. 8.64ರ ಸಾಧಾರಣ ಡಾಕ್ ಅದನ್ನು ನಿಭಾಯಿಸುತ್ತದೆ. ದುಬಾರಿ ಥಂಡರ್‌ಬೋಲ್ಟ್ ಪೆಟ್ಟಿಗೆಗೆ ಹಣ ಸುರಿಯಬೇಕಿಲ್ಲ. ತರಗತಿಯ ಕೆಲಸಕ್ಕೆ ಹೆಚ್ಚಿನ ಕಡೆ ಇಷ್ಟೇ ಸಾಕು.

ಪದವಿ ತರಗತಿಯ ಅಧ್ಯಾಪಕರು ಇದನ್ನೇ ಒಂದು ಅಭ್ಯಾಸವಾಗಿ ಕೊಡಬಹುದು. ವಿಭಾಗದಲ್ಲಿರುವ ಪ್ರತಿ ಲ್ಯಾಪ್‌ಟಾಪ್, ಕೇಬಲ್, ಡಾಕ್‌ನ ಸಾಮರ್ಥ್ಯವನ್ನು ವಿದ್ಯಾರ್ಥಿಗಳು ವಿವರ ಪಟ್ಟಿಯಿಂದ ಹುಡುಕಿ, ಯಾವ ಜೋಡಣೆ ನಡೆಯಬೇಕು, ಯಾವುದು ನಡೆಯಬಾರದು ಎಂದು ಮೊದಲು ಲೆಕ್ಕ ಹಾಕಲಿ. ನಂತರ ಜೋಡಿಸಿ ನೋಡಲಿ. ಲೆಕ್ಕ ಮುಗಿದ ಮೇಲೆ ಪ್ರತಿ ಕೇಬಲ್ಲಿಗೂ ಒಂದು ಚೀಟಿ ಅಂಟಿಸಿ ಅದರ ಗಿಗಾಬಿಟ್ಟನ್ನು ಶಾಯಿಯಲ್ಲಿ ಬರೆಯಲಿ. ಮಾನಕ ಮಾಡಬೇಕಿದ್ದ ಕೆಲಸವನ್ನು ಸದ್ಯಕ್ಕೆ ಆ ಚೀಟಿ ಮಾಡುತ್ತದೆ.